ಉರುಳುವ ಕಾವಲುಗಾರನನ್ನು ನಿಂತಲ್ಲಿಂದ ಹತ್ತಿಸಿ ನೋಡಿ

ಮಾನ್ಯ ಸಂಪಾದಕರೇ,

ಚೆಂಡಿನಂತೆ ಉರುಳುತ್ತ ಗಸ್ತು ತಿರುಗುವ ರೋಬೋಟ್‌ಗಳ ವಿಡಿಯೊಗಳು ಹೋದಲ್ಲೆಲ್ಲ ಕಣ್ಣಿಗೆ ಬೀಳುತ್ತಿವೆ. ಚೀನಾದ ಲೋಗಾನ್ ಟೆಕ್ನಾಲಜಿ ಕಂಪನಿಯ 125 ಕೆ.ಜಿ. ತೂಕದ ಆರ್‌ಟಿ–ಜಿ ಗೋಳ 2024ರಲ್ಲಿ ಪೊಲೀಸರ ಜೊತೆ ಬೀದಿಗಿಳಿದ ಮೇಲೆ, ಬೇಲಿ, ಗೋದಾಮು, ವಿಮಾನ ನಿಲ್ದಾಣಗಳ ಕಾವಲಿಗೆ ಇದೇ ಸರಿ ಎಂಬ ಮಾತು ಜೋರಾಗಿದೆ. ಕಲ್ಲು, ಗುಂಡಿ, ಕೆಸರು ಏನಿದ್ದರೂ ದಾಟುತ್ತದೆ ಎಂಬ ಮಾತನ್ನು ನಂಬಿ ಹಣ ಸುರಿಯುವ ಮೊದಲು ಖರೀದಿ ಸಮಿತಿಗಳು ಒಂದು ಸರಳ ಲೆಕ್ಕ ಹಾಕಬೇಕು.

ಈ ವಿನ್ಯಾಸವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ ಬೇರೆ ಗ್ರಹಗಳ ನೆಲಕ್ಕೆಂದು ಹುಟ್ಟಿದ ಯೋಚನೆಯೇ ಮುಂದೆ ರೊಟುಂಡಸ್ ಕಂಪನಿಯ ಗ್ರೌಂಡ್‌ಬಾಟ್ ಆಯಿತು. ಸುಮಾರು 60 ಸೆಂ.ಮೀ. ವ್ಯಾಸ, 25 ಕೆ.ಜಿ. ತೂಕ, ಗಂಟೆಗೆ 10 ಕಿ.ಮೀ. ವೇಗ. ಗೋಳಕ್ಕೆ ಮಗುಚಿ ಬೀಳುವ ಭಯವಿಲ್ಲ, ಹೊರಗೆ ಚಾಚಿದ ಅಚ್ಚು, ಸರಪಳಿ ಯಾವುದೂ ಇಲ್ಲ. 60 ಸೆಂ.ಮೀ. ಗೋಳದ ಗಾತ್ರ 113 ಲೀಟರ್. ತೂಕ 25 ಕೆ.ಜಿ. ಆದ್ದರಿಂದ ನೀರಲ್ಲೂ ತೇಲುತ್ತದೆ. ಮರಳು, ಹಿಮ, ಹುಲ್ಲುಗಾವಲಿನ ಕಾವಲಿಗೆ ಇದು ನಿಜಕ್ಕೂ ಒಳ್ಳೆಯ ಆಯ್ಕೆ.

ತೊಡಕಿರುವುದು ಅದು ಉರುಳುವ ಬಗೆಯಲ್ಲೇ. ಇಂಥ ಬಹುಪಾಲು ಗೋಳಗಳ ಒಳಗೆ ಅಡ್ಡಲಾಗಿ ಒಂದು ಅಚ್ಚು, ಅದರ ಕೆಳಗೆ ಬ್ಯಾಟರಿ ಮತ್ತು ಮೋಟರುಗಳನ್ನೇ ಹೊರೆಯಾಗಿ ತೂಗುಹಾಕಿದ ಲೋಲಕ ಇರುತ್ತದೆ. ಮೋಟರು ಲೋಲಕವನ್ನು ಮುಂದಕ್ಕೆ ಎತ್ತುತ್ತದೆ, ಭಾರ ಮುಂದೆ ಹೋದದ್ದರಿಂದ ಕವಚ ಉರುಳುತ್ತದೆ. ಪಕ್ಕಕ್ಕೆ ವಾಲಿಸಿದರೆ ತಿರುಗುತ್ತದೆ. ಅಂದರೆ ತಳ್ಳುವ ಬಲ ಬರುವುದು ಗುರುತ್ವದಿಂದಲೇ, ಅದಕ್ಕೊಂದು ಮಿತಿಯಿದೆ. ಲೋಲಕದ ತೂಕವನ್ನು ಅಚ್ಚಿನಿಂದ ಅದು ಎಷ್ಟು ಕೆಳಗಿದೆಯೋ ಆ ದೂರದಿಂದ ಗುಣಿಸಿ. ಬಂದದ್ದನ್ನು ಒಟ್ಟು ತೂಕ ಮತ್ತು ತ್ರಿಜ್ಯದ ಗುಣಲಬ್ಧದಿಂದ ಭಾಗಿಸಿ. ಉತ್ತರವೇ ಆ ಗೋಳ ಹತ್ತಬಲ್ಲ ಇಳಿಜಾರಿನ ಸೈನ್ ಬೆಲೆ. ಉದಾಹರಣೆಗೆ, 25 ಕೆ.ಜಿ. ಗೋಳದಲ್ಲಿ 15 ಕೆ.ಜಿ. ಲೋಲಕ 18 ಸೆಂ.ಮೀ. ಕೆಳಗಿದ್ದು, ತ್ರಿಜ್ಯ 30 ಸೆಂ.ಮೀ. ಇದ್ದರೆ ಅನುಪಾತ 0.36, ಕೋನ ಸುಮಾರು 21 ಡಿಗ್ರಿ. ಇನ್ನೂ ದೊಡ್ಡ ಮೋಟರು ಹಾಕಿದರೆ ಈ ಕೋನ ಹೆಚ್ಚುವುದಿಲ್ಲ. ಲೋಲಕ ಒಳಗೇ ಪೂರ್ತಿ ಸುತ್ತು ಹಾಕುತ್ತದೆ, ಕವಚ ನಿಂತಲ್ಲೇ ತೊನೆಯುತ್ತದೆ. ಸಡಿಲ ಮರಳಿನಲ್ಲಿ ಗೋಳ ಸ್ವಲ್ಪ ಹೂತು ತನ್ನ ಮುಂದೆ ತಾನೇ ದಿಬ್ಬ ಮಾಡಿಕೊಳ್ಳುವುದರಿಂದ 21 ಡಿಗ್ರಿಯೂ ದಕ್ಕುವುದಿಲ್ಲ.

ಮೆಟ್ಟಿಲು, ಕಲ್ಲುಗಳ ಲೆಕ್ಕ ಇನ್ನೂ ಕಟ್ಟುನಿಟ್ಟು. ಇದೇ ಗೋಳ ಕಲ್ಲಿಗೆ ತಾಗಿ ನಿಂತ ಸ್ಥಿತಿಯಿಂದ ಹತ್ತಬಲ್ಲ ಎತ್ತರ ಬರೀ 2 ಸೆಂ.ಮೀ.! ಚುರುಕು ನಡಿಗೆಯ ವೇಗದಲ್ಲಿ ಓಡಿ ಬಂದರೆ 6 ಸೆಂ.ಮೀ. ಕಲ್ಲನ್ನೂ ಹಾರಿ ದಾಟೀತು. ವಿಡಿಯೊಗಳಲ್ಲಿ ಕಾಣುವುದು ಈ ಓಡಿ ಬಂದು ದಾಟುವ ದೃಶ್ಯವೇ. ಆದರೆ ಕಾವಲಿನ ರೋಬೋಟ್ ನಿಲ್ಲಬೇಕಾಗುತ್ತದೆ. ಸದ್ದು ಕೇಳಿದಲ್ಲಿ ನಿಂತು ನೋಡುವುದೇ ಅದರ ಕೆಲಸ. ಮುಂದೊಂದು ಹಿಂದೊಂದು ಕಲ್ಲಿರುವ ತಗ್ಗಿನಲ್ಲಿ ನಿಂತರೆ ಹಿಂದೆ ಸರಿದು ಓಟ ಪಡೆಯಲೂ ಜಾಗವಿರದು, ಯಾರಾದರೂ ಹೋಗಿ ಎತ್ತಿ ತರಬೇಕು. ಆದ್ದರಿಂದ ಪರೀಕ್ಷೆಯಲ್ಲಿ ಗೋಳವನ್ನು ಕಲ್ಲಿಗೆ ತಾಗಿಸಿ ನಿಲ್ಲಿಸಿ, ಅಲ್ಲಿಂದ ಹೊರಡಿಸಿ. ಲಾರಿ ಚಕ್ರ ಕೊರೆದ ಜಾಡಿನೊಳಗೆ ಬಿಟ್ಟು, ಅದು ಅಡ್ಡಕ್ಕೆ ಹೊರಬರುತ್ತದೆಯೇ ನೋಡಿ. ಕೇವಲ ಲೋಲಕ ಇರುವ ಗೋಳ ನಿಂತಲ್ಲೇ ತಿರುಗಲಾರದು, ಅದಕ್ಕೆ ಒಳಗೆ ರಭಸದಿಂದ ಸುತ್ತುವ ಬೇರೊಂದು ಭಾರಚಕ್ರ (ಫ್ಲೈವೀಲ್) ಬೇಕು. ಹಾಗಾಗಿ ಬಹಳಷ್ಟು ಗೋಳಗಳು ಸೋಲುವುದು ಈ ಜಾಡಿನಲ್ಲೇ.

ಏರುವ ಶಕ್ತಿ ಎಷ್ಟೋ ನಿಲ್ಲುವ ಶಕ್ತಿಯೂ ಅಷ್ಟೇ, ಏಕೆಂದರೆ ಬ್ರೇಕು ಎಂದರೂ ಅದೇ ಲೋಲಕವನ್ನು ಹಿಂದಕ್ಕೆ ಎತ್ತುವುದು. ಮೇಲಿನ ಉದಾಹರಣೆಯ ಗೋಳ ಸಮತಟ್ಟಾದ ಒಣನೆಲದಲ್ಲಿ ಗಂಟೆಗೆ 10 ಕಿ.ಮೀ. ವೇಗದಿಂದ ಒಂದೂಕಾಲು ಮೀಟರ್ ಆಸುಪಾಸಿನಲ್ಲಿ ನಿಲ್ಲಬಹುದು. ಆರ್‌ಟಿ–ಜಿಗೆ ಹೇಳಲಾಗುವ 35 ಕಿ.ಮೀ. ವೇಗದಲ್ಲಿ ಇದೇ ಅನುಪಾತದ ಗೋಳಕ್ಕೆ ಸುಮಾರು 16 ಮೀಟರ್ ಬೇಕು. ಇಳಿಜಾರಿನಲ್ಲಿ ಇನ್ನೂ ದೂರ. ಜನ ಓಡಾಡುವ ಕಡೆ 125 ಕೆ.ಜಿ. ಭಾರವನ್ನು ಆ ವೇಗದಲ್ಲಿ ಬಿಡುವುದನ್ನು ನಾವು ಒಪ್ಪುವುದಿಲ್ಲ. ವೇಗದ ಮಿತಿಯನ್ನು ಸಾಫ್ಟ್‌ವೇರಿನಲ್ಲೇ ಬಿಗಿದು ಕೊಡಬೇಕೆಂಬ ಷರತ್ತು ಟೆಂಡರಿನಲ್ಲಿರಲಿ.

ಬಿಸಿಲಿನ ವಿಷಯ ಯಾರೂ ಕೇಳುವುದೇ ಇಲ್ಲ. ನೀರು, ದೂಳು ಹೊಗದಂತೆ ಮುಚ್ಚಿದ ಗೋಳದಿಂದ ಶಾಖವೂ ಸುಲಭವಾಗಿ ಹೊರಹೋಗದು. ನಡುಹಗಲಲ್ಲಿ 60 ಸೆಂ.ಮೀ. ಗೋಳದ ಮೇಲೆ ಬೀಳುವ ಬಿಸಿಲು 250ರಿಂದ 280 ವ್ಯಾಟ್. ಕಪ್ಪು ಕವಚ ಅದರ ಬಹುಪಾಲನ್ನು ಹೀರುತ್ತದೆ. ಮೋಟರಿನ ಬಿಸಿ ಅದರ ಮೇಲೆ. ಸಾಮಾನ್ಯ ಲಿಥಿಯಂ–ಅಯಾನ್ ಕೋಶಗಳನ್ನು 45 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಚಾರ್ಜ್ ಮಾಡಬಾರದು, 60 ದಾಟಿದರೆ ಬಳಸಲೂಬಾರದು. ಹಾಗಾಗಿ ಗಸ್ತು ಮುಗಿಸಿ ಬಂದ ಗೋಳ ತಣಿಯುವವರೆಗೆ ಚಾರ್ಜಿಗೆ ಕಾಯಬೇಕು, ಆ ಹೊತ್ತಿಗೆ ಕಾವಲಿಗೆ ಮತ್ತೊಂದು ಗೋಳ ಸಿದ್ಧವಿರಬೇಕು. ಬಿಳಿ ಕವಚವೇ ಇರಲಿ. ಕಾರ್ಬನ್ ಫೈಬರ್ ಕವಚ ಗಟ್ಟಿಯಾದರೂ ರೇಡಿಯೊ ಸಂಕೇತವನ್ನು ತಡೆಯುತ್ತದೆ, ಪಾಲಿಕಾರ್ಬೊನೇಟ್ ತಡೆಯುವುದಿಲ್ಲ. ಹೇಗಿದ್ದರೂ ಆ್ಯಂಟೆನಾ ನೆಲದಿಂದ 30 ಸೆಂ.ಮೀ. ಎತ್ತರದಲ್ಲಷ್ಟೇ ಇರುವುದರಿಂದ ತೆರೆದ ಬಯಲಿನಲ್ಲೂ ಸಂಕೇತ ಬೇಗ ಕುಗ್ಗುತ್ತದೆ. ನಡುನಡುವೆ ಎತ್ತರದ ಕಂಬಗಳಲ್ಲಿ ಸಂಕೇತವನ್ನು ಹಿಡಿದು ಮುಂದಕ್ಕೆ ದಾಟಿಸುವ ರಿಪೀಟರ್ ಬೇಕು.

ಕ್ಯಾಮೆರಾಗಳೂ ಅದೇ ಎತ್ತರದಲ್ಲಿ, ಅಚ್ಚಿನ ಎರಡು ತುದಿಯ ಪಾರದರ್ಶಕ ಗುಮ್ಮಟಗಳೊಳಗೆ ಇರುತ್ತವೆ. ಮೊಣಕಾಲುದ್ದ ಹುಲ್ಲಿದ್ದರೆ ಕಾಣುವುದು ಹುಲ್ಲೇ. ಮೊದಲು ಕೆಡುವುದೂ ಆ ಗುಮ್ಮಟಗಳೇ: ಕೆಸರು ಅಂಟುತ್ತದೆ, ಗೀರು ಬೀಳುತ್ತದೆ, ರಾತ್ರಿ ತಣಿದಾಗ ಒಳಗಡೆ ಮಂಜು ಕಟ್ಟುತ್ತದೆ. ನೀರು ಬಿಡದೆ ಗಾಳಿಯನ್ನಷ್ಟೇ ಬಿಟ್ಟು ಒಳಹೊರಗಿನ ಒತ್ತಡ ಸರಿದೂಗಿಸುವ ಪೊರೆಕವಾಟ ಮತ್ತು ತೇವ ಹೀರುವ ಸಿಲಿಕಾ ಜೆಲ್ ಚೀಲ ಇದೆಯೇ ಎಂದು ಬಿಚ್ಚಿಸಿ ನೋಡಿ. ಪ್ರತಿ ಸಲ ಬಿಚ್ಚಿದಾಗಲೂ ಜೋಡಣೆಯ ರಬ್ಬರ್ ಬಳೆಯನ್ನು ಒರೆಸಿ ಮುಚ್ಚಬೇಕು, ಒಂದು ಹರಳು ಮರಳು ಸಿಕ್ಕಿಕೊಂಡರೂ ನೀರು ಇಳಿಯುತ್ತದೆ. ವರ್ಷಕ್ಕೆ ಬೇಕಾಗುವ ಗುಮ್ಮಟ, ಬಳೆಗಳ ದರವನ್ನು ಗೋಳದ ದರದ ಜೊತೆಗೇ ಬರೆಸಿಕೊಳ್ಳಿ.