ವಿನಿಮಯ ವಿದ್ಯಾರ್ಥಿಗಳು ದೇಶಕ್ಕಿಂತ ಮೊದಲು ವಿಷಯಪಟ್ಟಿ ನೋಡಲಿ

ಮಾನ್ಯ ಸಂಪಾದಕರೇ,

ಒಂದು ಸೆಮಿಸ್ಟರಿನ ಮಟ್ಟಿಗೆ ವಿದೇಶದ ವಿಶ್ವವಿದ್ಯಾಲಯಕ್ಕೆ ಹೋಗಿಬರುವ ಆಸೆ ನಮ್ಮ ಜಿಲ್ಲೆಯ ವಿದ್ಯಾರ್ಥಿಗಳಲ್ಲೂ ಮೂಡುತ್ತಿರುವುದು ಸಂತೋಷದ ಸಂಗತಿ. ಆದರೆ ಎಲ್ಲಿಗೆ ಹೋಗಬೇಕೆಂಬುದು ಬಹಳಷ್ಟು ಮನೆಗಳಲ್ಲಿ ದೇಶದ ಹೆಸರು ಕೇಳಿಯೋ ಅಲ್ಲಿ ನೆಲೆಸಿರುವ ನೆಂಟರನ್ನು ನೆನೆದೋ ತೀರ್ಮಾನವಾಗಿಬಿಡುತ್ತದೆ.

ವಿನಿಮಯವೆಂದರೆ ಇಲ್ಲಿನ ಪದವಿಯ ಒಂದು ಭಾಗವನ್ನು ಅಲ್ಲಿ ಓದಿ, ಅದಕ್ಕೆ ಸಿಗುವ, ಓದಿನ ಪ್ರಮಾಣವನ್ನು ಅಳೆಯುವ ಕ್ರೆಡಿಟ್‌ಗಳನ್ನು ಇಲ್ಲಿನ ಅಂಕಪಟ್ಟಿಗೆ ಸೇರಿಸಿಕೊಳ್ಳುವ ವ್ಯವಸ್ಥೆ. ಬೋಧನಾ ಶುಲ್ಕವನ್ನು ಸಾಮಾನ್ಯವಾಗಿ ತವರು ಸಂಸ್ಥೆಗೇ ಕಟ್ಟಬೇಕು. ವಿಮಾನ, ವಸತಿ, ವಿಮೆಯ ಖರ್ಚು ಪಾಲಕರದು. ನಾರ್ವೆ 2023ರಿಂದ ಯುರೋಪಿನಾಚೆಯ ವಿದ್ಯಾರ್ಥಿಗಳಿಗೆ ಶುಲ್ಕ ವಿಧಿಸಿದರೂ ವಿಶ್ವವಿದ್ಯಾಲಯಗಳ ನಡುವಿನ ಒಡಂಬಡಿಕೆಯಡಿ ಬರುವ ವಿನಿಮಯ ವಿದ್ಯಾರ್ಥಿಗಳನ್ನು ಅದರಿಂದ ಹೊರಗಿಟ್ಟಿತು. ಹೀಗಿರುವಾಗ ದುಬಾರಿ ದೇಶವೆಂಬ ಒಂದೇ ಕಾರಣಕ್ಕೆ ಕಡಲಜೀವಶಾಸ್ತ್ರ ಓದುವ ಕಾರವಾರದ ವಿದ್ಯಾರ್ಥಿ ನಾರ್ವೆಯ ಬರ್ಗನ್‌ನಂಥ ಕಡಲ ಅಧ್ಯಯನದ ಕೇಂದ್ರವನ್ನು ಲೆಕ್ಕದಿಂದ ಬಿಡಬೇಕಾಗಿಲ್ಲ. ಶಿರಸಿಯಲ್ಲಿ ಅರಣ್ಯಶಾಸ್ತ್ರ ಓದುವವರಿಗೆ ಕಪ್ಪುಕಾಡು (ಬ್ಲ್ಯಾಕ್ ಫಾರೆಸ್ಟ್) ಎಂಬ ಅರಣ್ಯದ ಅಂಚಿನಲ್ಲಿರುವ ಜರ್ಮನಿಯ ಫ್ರೈಬುರ್ಗ್ ಎಷ್ಟೋ ದೊಡ್ಡ ನಗರಗಳಿಗಿಂತ ಹೆಚ್ಚು ಪ್ರಯೋಜನಕಾರಿ. ಇವೆಲ್ಲ ತಮ್ಮ ಸಂಸ್ಥೆಯೊಂದಿಗೆ ಒಡಂಬಡಿಕೆ ಇದ್ದರೆ ಮಾತ್ರ ಎಂಬುದನ್ನು ಬೇರೆ ಹೇಳಬೇಕಿಲ್ಲ.

ನಿಜವಾದ ತೊಡಕು ಇರುವುದು ವಿಷಯಪಟ್ಟಿಯಲ್ಲಿ ಮತ್ತು ವೇಳಾಪಟ್ಟಿಯಲ್ಲಿ. ನಮ್ಮ ಓಣಿಯ ವಿದ್ಯಾರ್ಥಿನಿಯೊಬ್ಬಳು ಆತಿಥೇಯ ವಿಶ್ವವಿದ್ಯಾಲಯದ ಪಟ್ಟಿಯನ್ನು ಮುದ್ರಿಸಿಕೊಂಡು ತನಗೆ ಬೇಕಾದ ವಿಷಯಗಳಿಗೆ ಪೆನ್ಸಿಲಿನಿಂದ ಗುರುತು ಹಾಕಿದ್ದಳು. ಒಂದೊಂದನ್ನೇ ಪರಿಶೀಲಿಸಿದಾಗ ಕೆಲವು ಆ ಸೆಮಿಸ್ಟರಿನಲ್ಲಿ ನಡೆಯುವುದೇ ಇಲ್ಲವೆಂದೂ, ಉಳಿದವುಗಳಲ್ಲಿ ಹೆಚ್ಚಿನವು ಅಲ್ಲಿನ ಭಾಷೆಯಲ್ಲಿವೆಯೆಂದೂ ಗೊತ್ತಾಯಿತು. ಜರ್ಮನಿಯಲ್ಲಂತೂ ಪದವಿ ಹಂತದ ಪಾಠಗಳು ಬಹುಪಾಲು ಜರ್ಮನ್‌ನಲ್ಲೇ ನಡೆಯುತ್ತವೆ, ಇಂಗ್ಲಿಷ್ ಮಾಧ್ಯಮ ಹೆಚ್ಚಾಗಿ ಸಿಗುವುದು ಸ್ನಾತಕೋತ್ತರದಲ್ಲಿ. ಅಲ್ಲಿನ ಚಳಿಗಾಲದ ಸೆಮಿಸ್ಟರಿನ ತರಗತಿಗಳು ಅಕ್ಟೋಬರಿನಲ್ಲಿ ಶುರುವಾಗಿ ಫೆಬ್ರುವರಿ ಮಧ್ಯದವರೆಗೆ ನಡೆದು, ಪರೀಕ್ಷೆ ಮುಗಿಸಿ ಊರಿಗೆ ಮರಳುವ ಹೊತ್ತಿಗೆ ಇಲ್ಲಿ ಮುಂದಿನ ಸೆಮಿಸ್ಟರಿನ ಪಾಠಗಳು ಸಾಕಷ್ಟು ಮುಂದೆ ಹೋಗಿರಬಹುದು. ಹಾಜರಾತಿಯ ಕೊರತೆಗೆ ಯಾರು ಹೊಣೆ? ಯುರೋಪಿನಲ್ಲಿ ಪೂರ್ಣ ಸೆಮಿಸ್ಟರಿಗೆ 30 ಇಸಿಟಿಎಸ್ (ಅಲ್ಲಿನ ಏಕರೂಪದ ಅಳತೆ) ಕ್ರೆಡಿಟ್‌ಗಳು. ಅವು ಇಲ್ಲಿನ ಎಷ್ಟು ಕ್ರೆಡಿಟ್‌ಗಳಿಗೆ ಸಮ, ಯಾವ ವಿಷಯಕ್ಕೆ ಬದಲು ಯಾವುದು ಎಂಬುದನ್ನು ಹೊರಡುವ ಮುನ್ನವೇ ಲಿಖಿತವಾಗಿ ಪಡೆಯದಿದ್ದರೆ ಒಂದು ಸೆಮಿಸ್ಟರ್ ಕೈತಪ್ಪಬಹುದು.

ವಸತಿಯನ್ನೂ ಕಡೆಗಣಿಸುವಂತಿಲ್ಲ: ಕೋಣೆ ಸಿಗದಿದ್ದರೆ ಬರಬೇಡಿ ಎಂದು ನೆದರ್ಲೆಂಡ್ಸ್‌ನ ಕೆಲವು ವಿಶ್ವವಿದ್ಯಾಲಯಗಳೇ ಎಚ್ಚರಿಸಿದ್ದುಂಟು.

ವಿದೇಶಿ ಸಂಸ್ಥೆಗಳೊಂದಿಗೆ ಒಡಂಬಡಿಕೆಗೆ ಸಹಿ ಹಾಕುವ, ಶಾಲು ಹೊದಿಸುವ ಛಾಯಾಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ. ಆ ಕಾಗದದಲ್ಲಿ ಬರೆದದ್ದೇನೆಂಬುದು ಮಾತ್ರ ವಿದ್ಯಾರ್ಥಿಗಳಿಗೆ ತಿಳಿಯುವುದಿಲ್ಲ. ಯಾವ ವಿಭಾಗಕ್ಕೆ ಎಷ್ಟು ಸ್ಥಾನಗಳಿವೆ, ಹಿಂದೆ ಹೋಗಿಬಂದವರ ಯಾವ ವಿಷಯಗಳಿಗೆ ಮಾನ್ಯತೆ ಸಿಕ್ಕಿದೆ ಎಂಬ ವಿವರವನ್ನು ಅರ್ಜಿ ಆಹ್ವಾನಿಸುವ ಮೊದಲೇ ಸೂಚನಾ ಫಲಕಕ್ಕೆ ಹಾಕುವಂತೆ ವಿಶ್ವವಿದ್ಯಾಲಯಗಳನ್ನೂ ಕಾಲೇಜುಗಳನ್ನೂ ಈ ಮೂಲಕ ವಿನಂತಿಸುತ್ತೇನೆ.

— ಒಬ್ಬ ಪಾಲಕ, ಕಾರವಾರ