ಕೊಳಗ ಎಲ್ಲಿ ಹೋಯಿತು?

ಪ್ರೀತಿಯ ಮಗೂ,

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ರೈತರು ಮಾಡಿದ ಸತ್ಯಾಗ್ರಹದ ಮೇಲೆ ನೀನು ಮಕ್ಕಳಿಗೆಂದು ಬರೆದ ಪುಸ್ತಕದ ಹಸ್ತಪ್ರತಿ ತಲುಪಿತು, ಜೊತೆಗಿಟ್ಟ ಪತ್ರವೂ. ‘ಮಕ್ಕಳಿಗೆ ಇನ್ನು ಬರೆಯುವುದೇ ಬೇಡ ಅನ್ನಿಸಿದೆ ಸರ್’ ಎಂದು ಮುಗಿಸಿದ್ದೀಯಲ್ಲ, ಅದನ್ನು ಓದಿ ಸಿಟ್ಟೇ ಬಂತು. ಪ್ರಕಾಶಕರೊಬ್ಬರು ‘ಮಕ್ಕಳಿಗೆ ರಾಜಕೀಯ ಯಾಕಮ್ಮ, ಪ್ರಾಣಿಗಳ ಕತೆ ಬರೆಯಿರಿ’ ಅಂದರೆ ಬರೆಯುವುದನ್ನೇ ಬಿಟ್ಟುಬಿಡುವುದೇ? ಅವರ ಅಂಗಡಿಯಲ್ಲಿ ಜಾಗ ಇಲ್ಲ, ಅಷ್ಟೇ.

ಕಾಗುಣಿತ, ಪುಟವಿನ್ಯಾಸ, ಚಿತ್ರ ಯಾರಿಂದ ಬರೆಸಬೇಕು, ಎಷ್ಟು ಪುಟ ಇರಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನೆಲ್ಲ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಿನ್ನ ಭಾಷೆ ಚೆನ್ನಾಗಿದೆ. ಸಾಗರದ ಕಡೆಯ ಮಾತು ತಾನಾಗಿ ಬಂದಿದೆ. ಅದನ್ನು ತಿದ್ದಿ ‘ಶುದ್ಧ’ ಮಾಡಲು ಯಾರಿಗೂ ಬಿಡಬೇಡ. ನಾನು ಕೇಳಬೇಕಾಗಿರುವುದು ಒಂದೇ: ಭತ್ತ ಅಳೆಯುವ ಆ ಕೊಳಗ ಎಲ್ಲಿ ಹೋಯಿತು?

ಅರವತ್ತು ಪುಟ ಬರೆದಿದ್ದೀಯ. ಸತ್ಯಾಗ್ರಹ ಶುರುವಾದ 1951ರ ಏಪ್ರಿಲ್ 18 ಇದೆ. ರೈತ ಸಂಘ ಕಟ್ಟಿದ ಗಣಪತಿಯಪ್ಪನವರು, ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು, ಜೂನ್ ತಿಂಗಳಲ್ಲಿ ಬಂದು ಬಂಧನಕ್ಕೊಳಗಾದ ರಾಮಮನೋಹರ ಲೋಹಿಯಾ ಎಲ್ಲರೂ ಇದ್ದಾರೆ. ಘೋಷಣೆಗಳಿವೆ, ಪೊಲೀಸರಿದ್ದಾರೆ. ‘ಒಡೆಯರ ಅನ್ಯಾಯ ಮಿತಿಮೀರಿತ್ತು’ ಎಂಬ ಒಂದು ವಾಕ್ಯವೂ ಇದೆ. ಏನು ಅನ್ಯಾಯ? ಎಷ್ಟು ಮಿತಿ? ಆರನೇ ತರಗತಿಯ ಹುಡುಗ ಅದನ್ನೇ ತಾನೆ ಕೇಳುವುದು?

ದೀವರ ಜಾತಿಯ ಒಕ್ಕಲುಗಳು ಗೇಣಿ ಭತ್ತ ಅಳೆದುಕೊಡುವಾಗ ಜಮೀನಿನ ಒಡೆಯರ ಕಡೆಯ ಕೊಳಗ ಸರ್ಕಾರಿ ಕೊಳಗಕ್ಕಿಂತ ಹೆಚ್ಚು ಹಿಡಿಯುತ್ತಿತ್ತು. ಜಗಳದ ಬೇರು ಅಲ್ಲಿದೆ. ಅದನ್ನು ಮಕ್ಕಳ ಕೈಯಲ್ಲೇ ಲೆಕ್ಕ ಮಾಡಿಸು. ಕೊಳಗ 3 ಸೇರು ಹಿಡಿಯಬೇಕು, ಅಳೆಯುವ ಕೊಳಗ ಮೂರೂವರೆ ಸೇರಿನದು ಎಂದಿಟ್ಟುಕೊಳ್ಳಿ ಅನ್ನು. 100 ಕೊಳಗ ಗೇಣಿ ಅಳೆದರೆ ಎಷ್ಟು ಹೆಚ್ಚು ಹೋಯಿತು? 50 ಸೇರು. ಮನೆಯಲ್ಲಿ ಇಷ್ಟು ಜನ, ದಿನಕ್ಕೆ ಇಷ್ಟು ಭತ್ತ ಬೇಕು, ಹಾಗಾದರೆ ಎಷ್ಟು ದಿನದ ಊಟ ಹೋಯಿತು ಎಂದು ಮಗು ತಾನೇ ಲೆಕ್ಕ ಹಾಕಿ ನೋಡಲಿ. ಆಮೇಲೆ ‘ಅನ್ಯಾಯ’ ಎಂಬ ಪದವನ್ನು ನೀನು ಬರೆಯಬೇಕಾಗಿಲ್ಲ, ಅದೇ ಹೇಳುತ್ತದೆ. ತಮ್ಮನಿಗೆ ಹೋಳಿಗೆ ಒಂದು ಚೂರು ದೊಡ್ಡದು ಬಂದರೂ ಕಣ್ಣಳತೆಯಲ್ಲೇ ಹಿಡಿಯುವ ವಯಸ್ಸು ಅದು.

ಇದರ ಮೇಲೆ ನನಗೆ ಇಷ್ಟು ಹಟ ಯಾಕೆ ಅಂದರೆ ಹಳೆಯ ಸಿಟ್ಟೊಂದಿದೆ. ಜೀತದ ಮೇಲೆ ಮಕ್ಕಳಿಗೆಂದು ನಾನು ಬರೆದ ಕತೆಯಲ್ಲಿ ಜಾತಿಗಳ ಹೆಸರನ್ನೆಲ್ಲ ಹೊಡೆದುಹಾಕಿ ‘ಬಡವರು’, ‘ಸಾಹುಕಾರರು’ ಎಂದು ಮಾಡಿ ಅಚ್ಚು ಹಾಕಿದರು. ಕರಡು ಕೂಡ ತೋರಿಸಲಿಲ್ಲ. ಕೇಳಿದ್ದಕ್ಕೆ ‘ಮಕ್ಕಳ ಮನಸ್ಸಿಗೆ ನೋವಾಗಬಾರದು ನೋಡಿ’ ಅಂದರು. ಯಾರ ಮಕ್ಕಳ ಮನಸ್ಸಿಗೆ? ಹೊಲಗೇರಿಯ ಮಗುವಿಗೆ ಸ್ಕಾಲರ್‌ಶಿಪ್ ಅರ್ಜಿ, ನೀರಿನ ನಲ್ಲಿ, ಗುಡಿಯ ಬಾಗಿಲು ದಿನಾ ಅದೇ ಹೆಸರು ಹೇಳುತ್ತವೆ. ಕತೆಪುಸ್ತಕ ಮಾತ್ರ ಬಾಯಿ ಮುಚ್ಚಿಕೊಂಡಿರಬೇಕು. ಆ ಪುಸ್ತಕಕ್ಕೆ ಬಹುಮಾನ ಬೇರೆ ಬಂತು. ಶಾಲು ಹೊದಿಸಿದವರು ‘ಎಷ್ಟು ಸೌಮ್ಯವಾಗಿ ಬರೆದಿದ್ದೀರಿ’ ಎಂದು ಹೊಗಳಿದರು. ಆ ಶಾಲು ಈಗ ಎಲ್ಲಿದೆಯೋ.

ನೀನೂ ‘ಗೇಣಿದಾರರು’ ಎಂದು ಬರೆದು ದೀವರು ಎನ್ನುವುದನ್ನು ಬಿಟ್ಟಿದ್ದೀಯ. ಯಾರು ಬಿಡಿಸಿದರು? ಅಥವಾ ಯಾರೂ ಹೇಳದೆ ನೀನೇ ಬಿಟ್ಟೆಯಾ? ಎರಡನೆಯದಾದರೆ ಅದು ಹೆಚ್ಚು ಕೆಟ್ಟದ್ದು.

ಇನ್ನು ಆ ಒಡೆಯರು. ಮೀಸೆ, ಕೆಂಗಣ್ಣು, ಕೈಯಲ್ಲಿ ಚಾವಟಿ! ಯಕ್ಷಗಾನದ ರಾಕ್ಷಸವೇಷಕ್ಕೆ ಸರಿ. ನಿಜದಲ್ಲಿ ಅವರು ಕಾಂಗ್ರೆಸ್ಸಿನವರು. ಸ್ವಾತಂತ್ರ್ಯ ಬಂದು ನಾಲ್ಕು ವರ್ಷವೂ ತುಂಬಿರಲಿಲ್ಲ, ಬೆಂಗಳೂರಿನಲ್ಲಿ ಕೆ.ಸಿ. ರೆಡ್ಡಿಯವರ ಕಾಂಗ್ರೆಸ್ ಸರ್ಕಾರ. ಉಳಲು ಗದ್ದೆಗೆ ಇಳಿದವರನ್ನು ತಂಡ ತಂಡವಾಗಿ ಹಿಡಿದು ಒಯ್ದ ಪೊಲೀಸರು ಬ್ರಿಟಿಷರ ಪೊಲೀಸರಲ್ಲ. ಇದನ್ನು ಬರೆದರೆ ಮಕ್ಕಳಿಗೆ ಗೊಂದಲ ಆಗುತ್ತದೆ ಎಂದು ಹೆದರಿದ್ದೀಯ ಅಂತ ಕಾಣುತ್ತದೆ. ಆಗಲಿ ಬಿಡು. 1947ಕ್ಕೆ ಎಲ್ಲ ಸರಿಹೋಯಿತು ಎಂದು ಪಾಠಪುಸ್ತಕ ಹೇಳಿ ಮುಗಿಸಿದ ಮೇಲೆ ನಿನ್ನ ಪುಸ್ತಕ ಶುರುವಾಗುವುದಲ್ಲವೇ?

ಕೊನೆಯ ಅಧ್ಯಾಯ ಓದಿ ಮಾತ್ರ ಹಸ್ತಪ್ರತಿಯನ್ನು ಪಕ್ಕಕ್ಕಿಟ್ಟೆ. ಹೊಸ ಫಸಲು, ಹಾಡು, ಗದ್ದೆ ಗೆದ್ದ ಒಕ್ಕಲುಗಳ ಕುಣಿತ. ಮಗೂ, ಆ ವರ್ಷ ಯಾರೂ ಕುಣಿಯಲಿಲ್ಲ. ಜೈಲಿಗೆ ಹೋದವರಿಗೆ ಗದ್ದೆ ಸಿಗಲಿಲ್ಲ. 1952ರ ಚುನಾವಣೆಯಲ್ಲಿ ಗೋಪಾಲಗೌಡರು ಗೆದ್ದು ವಿಧಾನಸಭೆಗೆ ಹೋದದ್ದು ನಿಜ. ಆದರೆ ಉಳುವವನೇ ಹೊಲದೊಡೆಯ ಎನ್ನುವುದು ಕಾಯಿದೆಯಲ್ಲಿ ಜೋರಾಗಿ ಬಂದದ್ದು ದೇವರಾಜ ಅರಸರ ಕಾಲಕ್ಕೆ, 1974ರ ಮಾರ್ಚ್ 1ರಿಂದ. ಕಾಗೋಡಿನಲ್ಲಿ ಗದ್ದೆಗಿಳಿದ ಮೇಲೆ ಸುಮಾರು 23 ವರ್ಷ. ಗೋಪಾಲಗೌಡರು 1972ರ ಜೂನ್‌ನಲ್ಲೇ ತೀರಿಕೊಂಡಿದ್ದರು, ಅದನ್ನು ನೋಡಲಿಲ್ಲ. ಆಮೇಲೆಯೂ ಗೇಣಿಯ ಗದ್ದೆ ತಮಗೆ ಸೇರಬೇಕೆಂದು ಭೂನ್ಯಾಯ ಮಂಡಳಿಗೆ ಡಿಕ್ಲರೇಷನ್ ಎಂಬ ಅರ್ಜಿ ಹಾಕಬೇಕು, ಸಾಕ್ಷಿ ತರಬೇಕು, ತಾಲ್ಲೂಕು ಕಚೇರಿಗೆ ಅಲೆಯಬೇಕು. ಇದರಲ್ಲಿ ಕತೆ ಇಲ್ಲ ಅನ್ನುತ್ತೀಯಾ? ಅಪ್ಪ ಜೈಲಿಗೆ ಹೋದಾಗ ಹತ್ತು ವರ್ಷದವಳಿದ್ದ ಹುಡುಗಿ, ಮೂವತ್ತಮೂರರಲ್ಲಿ ಕಂಕುಳಲ್ಲಿ ಮಗು ಇಟ್ಟುಕೊಂಡು ಮಂಡಳಿಯ ಮುಂದೆ ನಿಂತಿದ್ದಾಳೆ ಎಂದು ಕಲ್ಪಿಸಿಕೋ. ನಿನ್ನ ಕುಣಿತಕ್ಕಿಂತ ನನಗೆ ಅವಳು ಬೇಕು.

ಇನ್ನೊಂದು ಕಷ್ಟದ ಮಾತು. ಗದ್ದೆ ಸಿಕ್ಕಿದ್ದು ಗೇಣಿಗೆ ಮಾಡುತ್ತಿದ್ದವರಿಗೆ. ಬೇರೆಯವರ ಗದ್ದೆಯಲ್ಲಿ ಕೂಲಿಗೆ ನಾಟಿ ಮಾಡಿದವರು, ಅವರಲ್ಲಿ ದಲಿತರೇ ಬಹಳ, ಯಾವ ಡಿಕ್ಲರೇಷನ್ ಹಾಕಬೇಕಿತ್ತು? ಅವರ ಹೆಸರಿನಲ್ಲಿ ಗೇಣಿ ಚೀಟಿಯೇ ಇರಲಿಲ್ಲ. ನಿನ್ನ ಅರವತ್ತು ಪುಟದಲ್ಲಿ ಅವರು ಚಿತ್ರದ ಹಿನ್ನೆಲೆಯಲ್ಲೂ ಇಲ್ಲ. ಅವರನ್ನು ತಂದರೆ ನಿನ್ನ ನಾಯಕರು ಸಣ್ಣವರಾಗುತ್ತಾರೆ ಎಂಬ ಭಯ ಬೇಡ. ಮಗು ‘ಹಾಗಾದರೆ ಅವರಿಗೇನಾಯಿತು ಟೀಚರ್?’ ಎಂದು ಕೇಳಿದರೆ ಪುಸ್ತಕ ಕೆಲಸ ಮಾಡಿತು ಎಂದೇ ಲೆಕ್ಕ. ಲಿಂಗನಮಕ್ಕಿ ಅಣೆಕಟ್ಟು ಬಂದು ಅದೇ ಸೀಮೆಯ ಊರುಗಳು ಶರಾವತಿಯಲ್ಲಿ ಮುಳುಗಿದವು. ಅದನ್ನು ಈಗ ಮುಟ್ಟಬೇಡ, ಅದು ಇನ್ನೊಂದು ಪುಸ್ತಕ. ಆದರೆ 2020ರಲ್ಲಿ ಭೂ ಸುಧಾರಣಾ ಕಾಯಿದೆ ತಿದ್ದಿ ಬೇಸಾಯಗಾರರಲ್ಲದವರೂ ಜಮೀನು ಕೊಳ್ಳಲು ದಾರಿ ಮಾಡಿದ್ದನ್ನು ಒಂದು ಸಾಲಿನಲ್ಲಾದರೂ ಹೇಳು. ಕಾಗೋಡು ಹಳೆಯ ಕಾಲದ ಮಾತು ಎಂದುಕೊಂಡು ಮಕ್ಕಳು ಪುಸ್ತಕ ಮಡಿಚಿಡುವುದು ಬೇಡ.

ನಿಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಎರಡು ಅಧ್ಯಾಯ ಓದಿದಾಗ ಎಲ್ಲರೂ ಕಣ್ಣೀರು ಹಾಕಿದರು ಎಂದು ಬರೆದಿದ್ದೀಯ. ಸಂತೋಷ. ವೇದಿಕೆಯ ಮುಂದಿನ ಸಾಲಿನವರು ಅಳುವುದು ಬಲು ಸುಲಭ. ಅಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಮಕ್ಕಳು ಏನು ಕೇಳಿದರು, ಅದನ್ನು ಬರೆದು ಕಳಿಸು. ಏನೂ ಕೇಳಲಿಲ್ಲವಾದರೆ ಅದನ್ನೂ ಬರೆ.

ಬೈದದ್ದು ಹೆಚ್ಚಾಯಿತೇನೋ. ಎಂಟನೇ ಪುಟದಲ್ಲಿ, ಗದ್ದೆಗೆ ಹೊರಟ ಗಂಡನಿಗೆ ಹೆಂಡತಿ ಬುತ್ತಿ ಕಟ್ಟದೆ ‘ಇವತ್ತು ಸರ್ಕಾರವೇ ಊಟ ಹಾಕುತ್ತದಲ್ಲ’ ಅನ್ನುವ ಮಾತು ಬರೆದಿದ್ದೀಯಲ್ಲ, ಅದನ್ನು ನಾನು ಮನೆಯವರಿಗೆಲ್ಲ ಓದಿ ಹೇಳಿದೆ. ಅಂಥ ಸಾಲು ಬರೆಯುವವಳಿಗೆ ಪ್ರಾಣಿಗಳ ಕತೆಗೆ ಹೋಗಲು ನಾನು ಬಿಡುವುದಿಲ್ಲ.

ಮುನ್ನುಡಿ ಕೇಳಿದ್ದೀಯ. ಬರೆದುಕೊಡುವುದಿಲ್ಲ. ದೊಡ್ಡವರ ಮುನ್ನುಡಿಯನ್ನು ಯಾವ ಮಗುವೂ ಓದಿದ್ದನ್ನು ನಾನು ಕಂಡಿಲ್ಲ, ಸುಮ್ಮನೆ ಎರಡು ಪುಟ ದಂಡ. ಆ ಎರಡು ಪುಟಕ್ಕೆ ಕೊಳಗದ ಲೆಕ್ಕ ಹಾಕು. ಹಸ್ತಪ್ರತಿಯನ್ನು ನಾಳೆ ಅಂಚೆಯಲ್ಲಿ ಕಳಿಸುತ್ತೇನೆ. ತಿದ್ದಿ ಮತ್ತೆ ಕಳಿಸು, ದಸರಾ ರಜೆಯೊಳಗೆ.

ಇಂತಿ,
ನೀನು ‘ಸರ್’ ಅಂದರೂ ‘ಅಜ್ಜ’ ಅಂದರೂ ಓಗೊಡುವ ಮುದುಕ