ದುರ್ವಾಸನೆ ಮರಕ್ಕೆ ಸರ್ಟಿಫಿಕೇಟ್ ಕೊಡುವವರು ಯಾರು? ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಅರಣ್ಯ ಮತ್ತು ಪರಿಸರ ಸಚಿವರಿಗೆ,

ನಮಸ್ಕಾರಗಳು.

ನಾನು ಶಿರಸಿ ತಾಲ್ಲೂಕಿನ ಒಂದು ಹಳ್ಳಿಯವನು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾಗಿದ್ದೇನೆ. ಈಗ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಜೊತೆಗೆ ನಮ್ಮ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಸದಸ್ಯ. ಇಂಥದ್ದೊಂದು ಸಮಿತಿ ಇದೆ ಅನ್ನೋದೇ ಊರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ನಿಜ ಹೇಳಬೇಕೆಂದರೆ ಸದಸ್ಯರಲ್ಲೇ ಕೆಲವರಿಗೆ ಗೊತ್ತಿಲ್ಲ. ಆದರೆ ಇತ್ತೀಚೆಗೆ ಈ ಸಮಿತಿಯ ಸಹಿಗೆ ಕಾನೂನಿನಲ್ಲಿ ದೊಡ್ಡ ಬೆಲೆ ಬಂದಿದೆ. ಆ ಸಹಿಯ ಬಗ್ಗೆಯೇ ಈ ಪತ್ರ.

ಮೊದಲು ಒಂದು ಮರದ ವಿಷಯ ಹೇಳಬೇಕು. ನಮ್ಮ ಕಡೆ ದುರ್ವಾಸನೆ ಮರ ಅನ್ನುತ್ತಾರೆ. ತೀರಾ ದೊಡ್ಡ ಮರವೇನಲ್ಲ. ಎಲೆಗಳೆಲ್ಲ ಕೊಂಬೆಯ ತುದಿಯಲ್ಲಿ ಗುಂಪಾಗಿರುತ್ತವೆ, ಎಲೆ ಉದುರಿದ ಜಾಗದಲ್ಲಿ ದಪ್ಪ ಗುರುತು ಉಳಿಯುತ್ತದೆ. ಹೂ ಬಿಟ್ಟಾಗ ಹತ್ತಿರ ನಿಲ್ಲಲು ಆಗುವುದಿಲ್ಲ, ಅಷ್ಟು ಕೆಟ್ಟ ವಾಸನೆ. ಹಣ್ಣಾದಾಗ ಕಪ್ಪು ಮಿಶ್ರಿತ ನೇರಳೆ ಬಣ್ಣ, ಒಳಗೆ ಒಂದೇ ಬೀಜ. ಉಪಕರಣ ಮಾಡಲಿಕ್ಕೂ ಬಾರದು, ಮನೆಯ ಮಾಡಿಗೂ ಬಾರದು ಅಂತ ಯಾರೂ ಇದರ ಗೊಡವೆಗೆ ಹೋಗುತ್ತಿರಲಿಲ್ಲ. ವಿಜ್ಞಾನಿಗಳು ಇದನ್ನು ನೊಥಾಪೊಡೈಟಿಸ್ ನಿಮ್ಮೊನಿಯಾನ ಅನ್ನುತ್ತಾರೆ. ಹಳೆಯ ಪುಸ್ತಕಗಳಲ್ಲಿ ಮಾಪಿಯಾ ಫೀಟಿಡಾ ಅಂತ ಸಿಗುತ್ತದೆ.

1966ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಮನ್ರೋ ವಾಲ್ ಮತ್ತು ಮನ್ಸುಖ್ ವಾಣಿ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಚೀನಾ ಮೂಲದ ಒಂದು ಮರದಿಂದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ವಾಣಿ ನಮ್ಮ ದೇಶದಲ್ಲೇ ಹುಟ್ಟಿ, ಮುಂಬೈಯಲ್ಲಿ ಓದಿದವರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಇನ್ನೊಂದು ವಿಷಯ ಹೊರಗೆ ತಂದರು. ಅದೇ ವಸ್ತು ಪಶ್ಚಿಮ ಘಟ್ಟದ ನಮ್ಮ ದುರ್ವಾಸನೆ ಮರದಲ್ಲೂ ಇದೆ, ಅದೂ ಚೀನಾದ ಮರಕ್ಕಿಂತ ಜಾಸ್ತಿ ಇದೆ. ಅಲ್ಲಿಂದ ಈ ಮರಕ್ಕೆ ಗ್ರಹಚಾರ ಶುರುವಾಯಿತು ಅಂದರೂ ಆದೀತು.

ಈ ವಸ್ತು ಏನು ಮಾಡುತ್ತದೆ ಅಂತ ಸ್ವಲ್ಪ ಹೇಳುತ್ತೇನೆ, ಪಾಠ ಮಾಡಿದ ಚಟ ಬಿಡುವುದಿಲ್ಲ ನೋಡಿ. ಜೀವಕೋಶ ಒಂದು ಹೋಗಿ ಎರಡಾಗುವ ಮೊದಲು ಅದರೊಳಗಿನ ಡಿಎನ್‌ಎ ನಕಲಾಗಬೇಕು. ಡಿಎನ್‌ಎ ಅಂದರೆ ಎರಡು ಎಳೆ ಹೊಸೆದ ಹಗ್ಗದ ಹಾಗೆ. ಒಂದು ಕಡೆಯಿಂದ ಬಿಚ್ಚುತ್ತಾ ಹೋದರೆ ಮುಂದಿನ ಭಾಗ ಬಿಗಿದುಕೊಂಡು ಗಂಟಾಗುತ್ತದೆ. ಅದನ್ನು ಸಡಿಲಿಸಲು ಟೊಪೊಐಸೊಮರೇಸ್ ಒಂದು ಎನ್ನುವ ಕಿಣ್ವ ಒಂದು ಎಳೆಯನ್ನು ಕತ್ತರಿಸುತ್ತದೆ, ಬಿಗಿ ಇಳಿದ ಮೇಲೆ ಮತ್ತೆ ಜೋಡಿಸುತ್ತದೆ. ಕ್ಯಾಂಪ್ಟೊಥೆಸಿನ್ ಸರಿಯಾಗಿ ಆ ಕತ್ತರಿಸಿದ ಜಾಗದಲ್ಲೇ ಹೋಗಿ ಕೂರುತ್ತದೆ. ಎಳೆ ಕೂಡಿಕೊಳ್ಳುವುದಿಲ್ಲ. ಹಿಂದಿನಿಂದ ನಕಲಿನ ಕೆಲಸ ಅಲ್ಲಿಗೆ ಬಂದು ಮುಟ್ಟಿದಾಗ ಎರಡೂ ಎಳೆ ಹರಿದು ಕೋಶ ಸಾಯುತ್ತದೆ. ಬೇಗ ಬೇಗ ಎರಡಾಗುವ ಕ್ಯಾನ್ಸರ್ ಕೋಶಗಳಿಗೆ ಇದರ ಏಟು ಜಾಸ್ತಿ. ಇದು ಗೊತ್ತಾಗಿದ್ದು 1985ರಲ್ಲಿ.

ಹಾಗಂತ ತೊಗಟೆ ಕುದಿಸಿ ಕುಡಿದರೆ ಕ್ಯಾನ್ಸರ್ ವಾಸಿಯಾಗುತ್ತದೆ ಅಂತ ಯಾರೂ ತಿಳಿಯಬಾರದು. ಈ ವಸ್ತುವನ್ನು ರೋಗಿಗಳ ಮೇಲೆ ಮೊದಲು ಪರೀಕ್ಷೆ ಮಾಡಿದಾಗ ಮೂತ್ರಕೋಶಕ್ಕೆ ಕೆಟ್ಟ ಪೆಟ್ಟು ಬಿತ್ತು, ಪರೀಕ್ಷೆಯನ್ನೇ ನಿಲ್ಲಿಸಬೇಕಾಯಿತು. ಮುಂದೆ ಅಣುವಿನ ರೂಪವನ್ನು ಸ್ವಲ್ಪ ಬದಲಿಸಿ, ನೀರಿನಲ್ಲಿ ಕರಗುವ ಹಾಗೆ ಮಾಡಿದ ಮೇಲೆ ಇರಿನೊಟೆಕಾನ್, ಟೊಪೊಟೆಕಾನ್ ಎಂಬ ಔಷಧಿಗಳು ಬಂದವು. 1996ರಲ್ಲಿ ಅಮೆರಿಕದಲ್ಲಿ ಎರಡಕ್ಕೂ ಒಪ್ಪಿಗೆ ಸಿಕ್ಕಿತು. ಒಂದು ದೊಡ್ಡ ಕರುಳಿನ ಕ್ಯಾನ್ಸರ್‌ಗೆ, ಇನ್ನೊಂದು ಅಂಡಾಶಯದ ಕ್ಯಾನ್ಸರ್‌ಗೆ. ಮರದಿಂದ ಮದ್ದಿನ ಸೀಸೆಗೆ 30 ವರ್ಷದ ದಾರಿ. ಪ್ರಕೃತಿಯದ್ದು ಅಂದ ಮಾತ್ರಕ್ಕೆ ಸುರಕ್ಷಿತ ಅಂತ ವಾಟ್ಸಾಪ್‌ನಲ್ಲಿ ಕಳಿಸುವವರಿಗೆ ನಾನು ಈಶ್ವರಿ ಬಳ್ಳಿಯ ಉದಾಹರಣೆ ಕೊಡುತ್ತೇನೆ. ಅದರ ಜಾತಿಯ ಗಿಡಗಳಲ್ಲಿರುವ ಅರಿಸ್ಟೊಲೊಕಿಕ್ ಆಮ್ಲ ಕಿಡ್ನಿ ಹಾಳು ಮಾಡುತ್ತದೆ, ಕ್ಯಾನ್ಸರ್ ತರುತ್ತದೆ. ಅದೂ ಪ್ರಕೃತಿಯದ್ದೇ ಅಲ್ವಾ?

ಇದೆಲ್ಲ ಹಳೆಯ ಕಥೆ, ಈಗ ಔಷಧಿಗಳನ್ನು ಕಂಪ್ಯೂಟರಿನಲ್ಲೇ ಮಾಡುತ್ತಾರೆ ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ಹಾಗಲ್ಲ. ಇತ್ತೀಚಿನ ಸ್ತನ ಕ್ಯಾನ್ಸರ್ ಔಷಧಿಗಳಲ್ಲಿ ಎರಡು ಬಹಳ ಹೆಸರು ಮಾಡಿವೆ. ಟ್ರಾಸ್ಟುಜುಮಾಬ್ ಡೆರಕ್ಸ್‌ಟೆಕಾನ್ 2019ರಲ್ಲಿ ಬಂತು, ಸಾಸಿಟುಜುಮಾಬ್ ಗೊವಿಟೆಕಾನ್ 2020ರಲ್ಲಿ. ಕ್ಯಾನ್ಸರ್ ಕೋಶವನ್ನು ಹುಡುಕಿ ಹಿಡಿಯುವ ಪ್ರತಿಕಾಯಕ್ಕೆ ವಿಷ ಕಟ್ಟಿ ಕಳಿಸುವ ಉಪಾಯ ಅದು. ಎರಡರಲ್ಲೂ ಕಟ್ಟಿರುವ ವಿಷ ಕ್ಯಾಂಪ್ಟೊಥೆಸಿನ್ ಕುಟುಂಬದ್ದೇ. ಲ್ಯಾಬಿನಲ್ಲಿ ಮೊದಲಿಂದ ಕೊನೆಯವರೆಗೆ ಕ್ಯಾಂಪ್ಟೊಥೆಸಿನ್ ತಯಾರಿಸುವ ದಾರಿ 1971ರಿಂದಲೇ ಇದೆ. ಆದರೂ ಗಿಡದಿಂದ ತೆಗೆಯುವುದು ನಿಂತಿಲ್ಲ. ಬೇಡಿಕೆ ಇರುವವರೆಗೆ ಕೊಡಲಿಯೂ ಇರುತ್ತದೆ.

ಈಗ ಕಾನೂನಿನ ವಿಷಯಕ್ಕೆ ಬರುತ್ತೇನೆ.

2002ರ ಜೀವವೈವಿಧ್ಯ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆಯಿತು, 2024ರ ಏಪ್ರಿಲ್‌ನಿಂದ ಜಾರಿಗೆ ಬಂತು. ಬೆಳೆಸಿದ ಔಷಧಿ ಗಿಡಗಳಿಗೆ ಅದರಲ್ಲಿ ವಿನಾಯಿತಿ ಇದೆ. ಕೊಳ್ಳುವ ಕಂಪನಿ ರಾಜ್ಯ ಜೀವವೈವಿಧ್ಯ ಮಂಡಳಿಗೆ ಮುಂಚಿತವಾಗಿ ತಿಳಿಸಬೇಕಿಲ್ಲ, ಸ್ಥಳೀಯ ಜನರಿಗೆ ಅಂತ ಲಾಭದಲ್ಲಿ ಪಾಲು ಕೊಡಬೇಕಿಲ್ಲ. ರೈತರು ಗಿಡಮೂಲಿಕೆ ಬೆಳೆಯಲಿ ಎಂಬ ಉದ್ದೇಶ ಒಳ್ಳೆಯದೇ, ನನ್ನ ತಕರಾರಿಲ್ಲ. ಆದರೆ ಆ ಮಾಲು ಕಾಡಿನದ್ದಲ್ಲ, ಬೆಳೆಸಿದ್ದೇ ಅಂತ ಮೂಲ ಪ್ರಮಾಣಪತ್ರ ಕೊಡಬೇಕಾದವರು ಯಾರು? ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿ. ಅಂದರೆ ನಾವು.

ನಮ್ಮ ಯೋಗ್ಯತೆ ಏನು ಅಂತ ಹೇಳಿಬಿಡುತ್ತೇನೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಕೊಟ್ಟಿತ್ತು. ಅಷ್ಟರೊಳಗೆ ಸಮಿತಿ ರಚಿಸಿ, ಜನತಾ ಜೀವವೈವಿಧ್ಯ ದಾಖಲಾತಿ, ಅಂದರೆ ಊರಿನ ಗಿಡಮರ, ಜೀವಿಗಳು, ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆಯ ಪಟ್ಟಿ ಮುಗಿಸದಿದ್ದರೆ ರಾಜ್ಯಕ್ಕೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡ. ಆ ಹೆದರಿಕೆಯಲ್ಲಿ ದೇಶದ ತುಂಬ ದಾಖಲಾತಿ ಪುಸ್ತಕಗಳು ತಯಾರಾದವು. ನಮ್ಮ ಪಂಚಾಯಿತಿಯದ್ದೂ ಆಯಿತು. ನಾನು ಸದಸ್ಯನಾದ ಮೇಲೆ ಅದನ್ನು ಬೀರುವಿನಿಂದ ತೆಗೆಸಿ ಓದಿದೆ. ಮರಗಳ ಪಟ್ಟಿಯಲ್ಲಿ ಮಾವು, ಹಲಸು, ತೇಗ, ಅಕೇಶಿಯಾ ಇವೆ. ನಮ್ಮ ಘಟ್ಟದಲ್ಲಿ ಬೆಳೆಯದ ಗಿಡಗಳ ಹೆಸರೂ ಇವೆ, ಬಯಲುಸೀಮೆಯ ಯಾವುದೋ ಪುಸ್ತಕದಿಂದ ಬಂದಿರಬೇಕು. ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನಬೆಟ್ಟದ ಅಂಚಿನಲ್ಲಿ ಈಗಲೂ ನಿಂತಿರುವ ದುರ್ವಾಸನೆ ಮರದ ಹೆಸರು ಇಲ್ಲ. ನಾಟಿ ವೈದ್ಯರ ಪುಟ ಖಾಲಿ. ಅವರನ್ನು ಯಾರೂ ಕೇಳಿಲ್ಲ.

ನಾಳೆ ಒಂದು ಲಾರಿ ತೊಗಟೆ ತಂದು, ಇದು ತೋಟದಲ್ಲಿ ಬೆಳೆಸಿದ್ದು, ಸರ್ಟಿಫಿಕೇಟ್ ಕೊಡಿ ಅಂದರೆ ನಾವು ಏನು ಮಾಡಬೇಕು? ಪಟ್ಟಿಯಲ್ಲಿ ಮರವೇ ಇಲ್ಲ. ಯಾರ ಸರ್ವೆ ನಂಬರಿನಲ್ಲಿ ಎಷ್ಟು ಗಿಡ ಇದೆ ಅನ್ನುವ ಲೆಕ್ಕ ಇಲ್ಲ. ಪಿಡಿಓ ಅವರಿಗೆ ಉದ್ಯೋಗ ಖಾತರಿ, ನೀರು, ಮನೆ ಬಿಲ್ಲು ನೋಡಿ ಮುಗಿಯುವುದಿಲ್ಲ. ಸಹಿ ಹಾಕಿ ಕಳಿಸೋಣ, ಸುಮ್ನೆ ಯಾಕೆ ರಗಳೆ ಅಂತ ಯಾರಾದರೂ ಅಂದೇ ಅನ್ನುತ್ತಾರೆ.

ಇಂಥದ್ದನ್ನು ನಮ್ಮ ಜಿಲ್ಲೆ ಒಮ್ಮೆ ನೋಡಿದೆ. ತೊಂಬತ್ತರ ದಶಕದಲ್ಲಿ ಉಪ್ಪಾಗೆ ಎಂಬ ಕಾಡಿನ ಹುಳಿ ಹಣ್ಣಿನ ಸಿಪ್ಪೆಗೆ ಇದ್ದಕ್ಕಿದ್ದಂತೆ ಭಾರಿ ರೇಟು ಬಂತು. ತೂಕ ಇಳಿಸುವ ಮಾತ್ರೆಗೆ ಹೊರದೇಶದವರಿಗೆ ಬೇಕಾಗಿತ್ತು. ಅಲ್ಲಿಯವರೆಗೆ ಬಿದ್ದ ಹಣ್ಣು ಆರಿಸಿ ತರುತ್ತಿದ್ದವರು, ಬೇರೆಯವರು ಕೊಯ್ಯುವ ಮೊದಲೇ ನಾವು ಕೊಯ್ಯಬೇಕು ಅಂತ ಹಸಿ ಕಾಯನ್ನೇ ಇಳಿಸತೊಡಗಿದರು. ಕೊಂಬೆ ಕಡಿದರು. ಮಳೆಗಾಲದ ಬೆಳೆಯಾದ್ದರಿಂದ ಒಲೆ ಹಾಕಿಯೇ ಒಣಗಿಸಬೇಕು, ಅದಕ್ಕೆ ಮತ್ತಷ್ಟು ಕಟ್ಟಿಗೆ ಹೋಯಿತು. ಆದರೆ ಉಪ್ಪಾಗೆಯಲ್ಲಿ ಕೊಯ್ಯುತ್ತಿದ್ದದ್ದು ಹಣ್ಣು. ಮರ ಹೇಗೋ ಉಳಿಯಿತು. ದುರ್ವಾಸನೆ ಮರದಲ್ಲಿ ಕಡಿಯುವುದು ಕಾಂಡವನ್ನೇ, ಕೀಳುವುದು ಬೇರನ್ನೇ.

ಇನ್ನೊಂದು ಮಾತು ಬಹಳ ಮುಖ್ಯ. ಎಲ್ಲ ದುರ್ವಾಸನೆ ಮರಗಳೂ ಒಂದೇ ಅಲ್ಲ. ಪಶ್ಚಿಮ ಘಟ್ಟದ ಬೇರೆ ಬೇರೆ ಕಡೆಯ ಮರಗಳನ್ನು ನಮ್ಮ ಬೆಂಗಳೂರಿನ ವಿಜ್ಞಾನಿಗಳೇ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಒಂದು ಮರದಲ್ಲಿ ಕ್ಯಾಂಪ್ಟೊಥೆಸಿನ್ ತೀರಾ ಕಡಿಮೆ, ಇನ್ನೊಂದರಲ್ಲಿ ಅದರ ಎಷ್ಟೋ ಪಟ್ಟು. ಕಡಿಯುವವನಿಗೆ ಅದು ಗೊತ್ತಾಗುವುದಿಲ್ಲ, ಅವನು ದಪ್ಪ ನೋಡಿ ಕಡಿಯುತ್ತಾನೆ. ಮುಂದೆ ನರ್ಸರಿ ಮಾಡಲು ಬೀಜ ಕೊಡಬೇಕಾದ ಮರವೇ ಮೊದಲು ಹೋಗಿರಬಹುದು. ಆ ತಳಿ ಹೋದರೆ ಹೋಯಿತು.

ಲಾಭದ ಪಾಲು ಅಂದರೆ ಕಾಗದದ ಮಾತು ಅನ್ನುವವರಿಗೆ ಕೇರಳದ ಕಾಣಿ ಜನರ ಪ್ರಸಂಗ ನೆನಪಿಸಬೇಕು. ಅಗಸ್ತ್ಯಮಲೆಯ ಕಾಡಿನಲ್ಲಿ ವಿಜ್ಞಾನಿಗಳ ಜೊತೆ ಬಂದಿದ್ದ ಕಾಣಿಗಳು ಆಯಾಸ ಆಗದಿರಲಿ ಅಂತ ಒಂದು ಗಿಡದ ಹಣ್ಣು ತಿನ್ನುತ್ತಿದ್ದರು. ಆರೋಗ್ಯಪಚ್ಚ ಎಂಬ ಆ ಗಿಡದಿಂದ ಜೀವನಿ ಎಂಬ ಔಷಧಿ ತಯಾರಾಯಿತು. 1995ರಲ್ಲಿ ಅದರ ಲೈಸೆನ್ಸ್ ಕೊಟ್ಟಾಗ ಬಂದ ಹಣದಲ್ಲಿ ಅರ್ಧ ಕಾಣಿಗಳ ಟ್ರಸ್ಟ್‌ಗೆ ಅಂತ ತಿರುವನಂತಪುರದ ಸಸ್ಯೋದ್ಯಾನ ಸಂಸ್ಥೆ ಒಪ್ಪಿಕೊಂಡಿತು. ಆಗ ನಮ್ಮಲ್ಲಿ ಈ ಕಾಯ್ದೆಯೇ ಇರಲಿಲ್ಲ. ಆಮೇಲೆ ಅದರಲ್ಲೂ ತೊಡಕು ಬಂತು. ಗಿಡ ಬೆಳೆಸುವುದಕ್ಕೆ ಅರಣ್ಯ ಇಲಾಖೆಯ ತಕರಾರು, ಟ್ರಸ್ಟಿನಲ್ಲಿ ಯಾರು ಇರಬೇಕು ಅಂತ ಜನರ ನಡುವೆಯೇ ಭಿನ್ನಾಭಿಪ್ರಾಯ. ಎಲ್ಲ ಸುಸೂತ್ರವಾಗಲಿಲ್ಲ. ಆದರೂ ದುಡ್ಡು ಊರಿಗೆ ಬಂತು.

ಸಚಿವರೇ, ನಾನು ಹೊಸ ಯೋಜನೆ ಕೇಳುತ್ತಿಲ್ಲ. ಹೊಸ ಮಂಡಳಿಯಂತೂ ಬೇಡವೇ ಬೇಡ. ಮೂಲ ಪ್ರಮಾಣಪತ್ರ ಕೊಡುವ ಮೊದಲು ಸಮಿತಿಯವರು ತೋಟಕ್ಕೆ ಹೋಗಿ ಗಿಡ ಎಣಿಸಿರಬೇಕು, ಜೊತೆಗೆ ಗಿಡ ಗುರುತಿಸಬಲ್ಲ ಒಬ್ಬರು ಇರಬೇಕು ಅಂತ ಈಗಿರುವ ರಾಜ್ಯ ಜೀವವೈವಿಧ್ಯ ಮಂಡಳಿಯಿಂದ ಒಂದು ಸುತ್ತೋಲೆ ಹೊರಡಿಸಿ. ಆ ಒಬ್ಬರಿಗಾಗಿ ದೂರ ಹುಡುಕಬೇಕಾಗಿಲ್ಲ. ಶಿರಸಿಯಲ್ಲೇ ಅರಣ್ಯ ಮಹಾವಿದ್ಯಾಲಯ ಇದೆ. ಅಲ್ಲಿನ ಹುಡುಗರು ಒಂದು ಬೇಸಿಗೆ ರಜೆಯಲ್ಲಿ ಊರಿನ ನಾಟಿ ವೈದ್ಯರನ್ನು ಜೊತೆಗಿಟ್ಟುಕೊಂಡು ತಿರುಗಿದರೆ ನಮ್ಮ ತಾಲ್ಲೂಕಿನ ದಾಖಲಾತಿಯನ್ನು ಸರಿ ಮಾಡಬಹುದು. ಅವರಿಗೆ ಓಡಾಟದ ಖರ್ಚು, ವೈದ್ಯರಿಗೆ ದಿನದ ಕೂಲಿ ಕೊಡಿ. ವೈದ್ಯರಿಗೆ ಪುಕ್ಕಟೆ ಶಾಲು ಹೊದೆಸಿ ಕಳಿಸುವುದು ಬೇಡ.

ಹಾಗೆಯೇ ಮಲೆನಾಡಿನ ಯಾವುದಾದರೂ ಸರ್ಕಾರಿ ಪ್ರಯೋಗಾಲಯದಲ್ಲಿ ರೈತರು ತಂದ ಎಲೆ, ತೊಗಟೆಯನ್ನು ಕಡಿಮೆ ಶುಲ್ಕಕ್ಕೆ ಪರೀಕ್ಷೆ ಮಾಡಿ, ಅದರಲ್ಲಿ ಎಷ್ಟು ಕ್ಯಾಂಪ್ಟೊಥೆಸಿನ್ ಇದೆ ಅಂತ ಚೀಟಿ ಕೊಡುವ ವ್ಯವಸ್ಥೆ ಬೇಕು. ಜಾಸ್ತಿ ಇರುವ ಮರ ಯಾವುದು ಅಂತ ತಿಳಿದರೆ ಅದರ ಬೀಜದಿಂದಲೇ ಇಲಾಖೆಯ ನರ್ಸರಿಯಲ್ಲಿ ಸಸಿ ಮಾಡಬಹುದು. ಬೇಲಿಗೆ ಹಾಕಲು ನಾವೇ ಒಯ್ಯುತ್ತೇವೆ. ಬೇರೆ ಸಸಿ ಹಂಚುವ ಬದಲು ಇದನ್ನು ಹಂಚಿದರೆ ಯಾರೂ ಬೇಡ ಅನ್ನುವುದಿಲ್ಲ. ವಾಸನೆ ಬಗ್ಗೆ ಮನೆಯವರು ಗೊಣಗಬಹುದು, ಅದನ್ನು ನಾವು ನೋಡಿಕೊಳ್ಳುತ್ತೇವೆ.

ಈ ಸುತ್ತೋಲೆ ಬರುವವರೆಗೆ ದುರ್ವಾಸನೆ ಮರದ ಯಾವ ಕಾಗದಕ್ಕೂ ನಾನು ಸಹಿ ಹಾಕುವುದಿಲ್ಲ ಅಂತ ನಮ್ಮ ಸಮಿತಿಗೆ ಬರೆದು ಕೊಟ್ಟಿದ್ದೇನೆ. ಅದರ ಪ್ರತಿಯನ್ನು ಈ ಪತ್ರದ ಜೊತೆ ನಿಮ್ಮ ಕಚೇರಿಗೂ ಕಳಿಸುತ್ತಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಶಿರಸಿ ತಾಲ್ಲೂಕಿನ ಒಬ್ಬ ನಿವೃತ್ತ ಉಪನ್ಯಾಸಕ